ಮಾತ್ರೆ ಸರಿಯಾಗಿ ನುಂಗಿಲ್ಲ ಅಂದರು

ನನ್ನ ಅಣ್ಣ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದ. ಹುಲ್ಲಹಳ್ಳಿಯಿಂದ ಹೊರಟು ನಂಜನಗೂಡಿನ ಮೇಲೆ ತಿ. ನರಸೀಪುರಕ್ಕೆ ಹೋಗಿ ಬರುವ ಬಸ್ಸು. ನಾನು ನರಸೀಪುರದ ಪಕ್ಕದ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲಿನ ಟೀಚರು. ಮದುವೆಯಾಗಿ ನರಸೀಪುರದಲ್ಲೇ ಮನೆ ಮಾಡಿದ್ದೆ. ಅಣ್ಣ, ಅತ್ತಿಗೆ, ಅವ್ವ ಕಳಲೆಯಲ್ಲಿದ್ದರು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ನಾನು ಅವನ ಬಸ್ಸಿನಲ್ಲೇ ತವರಿಗೆ ಹೋಗುತ್ತಿದ್ದೆ. ತಂಗಿ ಎಂದು ಒಂದು ದಿನವೂ ಟಿಕೆಟ್ ಬಿಟ್ಟವನಲ್ಲ.

"ತಕೊ ಟಿಕೇಟು. ತಂಗಿ ಅಂತ ನಿನ್ನ ಬುಟ್ರೆ ನಾಳೆ ಬಸ್ಸಲ್ಲಿರೋರೆಲ್ಲ ನಂಗೆ ತಂಗೀರಾಯ್ತಾರೆ," ಅನ್ನುತ್ತಿದ್ದ, ಎಲ್ಲರಿಗೂ ಕೇಳುವ ಹಾಗೆ. ಬಸ್ಸು ನಗುತ್ತಿತ್ತು. ಅವನ ಗಂಟಲು ಅಂಥದ್ದು. ಹಿಂದಿನ ಬಾಗಿಲಲ್ಲಿ ನಿಂತು "ಒಳೀಕ್ ಓಗಿ, ಒಳೀಕ್ ಓಗಿ, ಜಾಗ ಅದೆ" ಎಂದರೆ ಡ್ರೈವರಿನ ಪಕ್ಕ ಕೂತವರೂ ಸರಿದು ಕೂರುತ್ತಿದ್ದರು.

ಆ ಗಂಟಲು ಮೊದಲು ಕೆಟ್ಟಿತು. ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಚಳಿಗಾಲದಲ್ಲಿ ಅವನಿಗೆ ಎಡಮೂಗು ಕಟ್ಟಿತು. ಮಾತು ಮೂಗಿನಲ್ಲಿ ಬರತೊಡಗಿತು. ಸೀನಿದರೆ ರಕ್ತದ ಚಕ್ಕೆ. ದಿನವಿಡೀ ರಸ್ತೆಯ ದೂಳು ಕುಡಿಯುವವನಿಗೆ ಇನ್ನೇನಾಗುತ್ತದೆ ಎಂದುಕೊಂಡೆವು. ಅವ್ವ ನೀಲಗಿರಿ ಎಣ್ಣೆ ಹಾಕಿ ಹಬೆ ಕೊಟ್ಟಳು. ಸಂಕ್ರಾಂತಿ ಕಳೆಯಿತು. ಒಂದು ಬೆಳಿಗ್ಗೆ ಎಡಗಣ್ಣಿನ ಕೆಳಗೆ ಬಾವು ಬಂತು. ಕೆಂಪಗೆ, ಮುಟ್ಟಿದರೆ ಬಿಸಿ. ಜೇನುಹುಳ ಕಡಿದಂತೆ ಕಾಣುತ್ತಿತ್ತು. ಮೆಡಿಕಲ್ ಶಾಪಿನವರು ಕ್ಯಾಪ್ಸೂಲು, ಕಣ್ಣಿಗೆ ಹನಿ ಕೊಟ್ಟರು. ಇಳಿಯಲಿಲ್ಲ.

ನಂಜನಗೂಡಿನಲ್ಲಿ ಆಗ ಒಬ್ಬ ಹೆಸರುವಾಸಿ ಡಾಕ್ಟರಿದ್ದರು. ಸುತ್ತಲಿನ ಹಳ್ಳಿಯವರೆಲ್ಲ ಅವರಲ್ಲಿಗೇ ಹೋಗುವುದು. ಅವರು ಟಾರ್ಚು ಬಿಟ್ಟು ನೋಡಿ, "ಸೈನಸ್ಸಿನ ಇನ್ಫೆಕ್ಷನ್ನು, ಕಣ್ಣಿಗೆ ಹರಡಿದೆ" ಎಂದು ಮಾತ್ರೆ ಬರೆದು ಸೂಜಿಯನ್ನೂ ಚುಚ್ಚಿದರು. ಎರಡೇ ದಿನಕ್ಕೆ ಬಾವು ಇಳಿಯಿತು. ಅವ್ವ ಡಾಕ್ಟರಿದ್ದ ದಿಕ್ಕಿಗೆ ಕೈಮುಗಿದಳು. ಆ ಸೂಜಿಯಲ್ಲಿ ಸ್ಟಿರಾಯ್ಡ್ ಇತ್ತೆಂದೂ ಅಣ್ಣನಿಗೆ ಬಂದಿದ್ದ ರೋಗ ಸ್ಟಿರಾಯ್ಡಿಗೆ ಸ್ವಲ್ಪ ದಿನ ತಲೆತಗ್ಗಿಸಿ ಕೂತು ಆಮೇಲೆ ಎದ್ದು ಬರುತ್ತದೆಂದೂ ನಮಗೆ ಗೊತ್ತಾದದ್ದು ಬಹಳ ತಡವಾಗಿ.

ತಿಂಗಳೊಳಗೆ ಬಾವು ಮತ್ತೆ ಬಂತು, ಈ ಸಲ ಮೇಲಿನ ರೆಪ್ಪೆಗೂ. ಅವತ್ತು ಅತ್ತಿಗೆಯ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಅಣ್ಣನ ಮುಖ ನೋಡುವ ಮೊದಲೇ ರೇಗಿದರು.

"ಕೋರ್ಸ್ ಮುಗಿಸಿದೆಯೇನಯ್ಯ?"

"ಮುಗಿಸ್ದೆ ಸಾ. ಅಷ್ಟೂ ನುಂಗೀನಿ."

"ಸುಳ್ಳು ಹೇಳಬೇಡ. ಸ್ವಲ್ಪ ಗುಣ ಕಂಡರೆ ಸಾಕು, ಮಾತ್ರೆ ಎತ್ತಿ ಬಿಸಾಕ್ತೀರಿ. ನಿಮ್ಮ ಜನ ಎಲ್ಲ ಇಷ್ಟೇ. ಆಮೇಲೆ ಡಾಕ್ಟರಿಗೆ ಕೆಟ್ಟ ಹೆಸರು."

ಅತ್ತಿಗೆ ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಅದರಲ್ಲಿ ಖಾಲಿಯಾದ ಮಾತ್ರೆಯ ಪಟ್ಟಿಗಳಿದ್ದವು. ಇಂಥ ಮಾತು ಬಂದೀತೆಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗೆ ಜೋಪಾನ ಮಾಡಿದ್ದಳು. ಡಾಕ್ಟರು ಅದರತ್ತ ಕಣ್ಣು ಹಾಯಿಸಲಿಲ್ಲ. ಇನ್ನೂ ಜೋರಿನ ಮಾತ್ರೆ ಬರೆದರು, ಮತ್ತೆ ಅದೇ ಸೂಜಿ ಕೊಟ್ಟರು. "ನಿಮ್ಮ ಜನ" ಎಂದರೆ ಯಾವ ಜನ ಎಂದು ನಾನು ಕೇಳಬೇಕೆಂದಿದ್ದೆ. ಹಳ್ಳಿಯವರೋ, ಬಡವರೋ, ಗೋಡೆಗೆ ಬುದ್ಧನ ಫೋಟೊ ಹಾಕಿಕೊಂಡಿರುವ ನಮ್ಮ ಕೇರಿಯವರೋ? ಕೇಳಲು ಬಾಯಿ ತೆಗೆದಾಗ ಅಣ್ಣ ನನ್ನ ಕೈ ಹಿಡಿದು, "ಸುಮ್ಕಿರವ್ವ, ಔಸ್ದಿ ಕೊಡೋರು" ಎಂದ.

ಎರಡನೇ ಸಲವೂ ಇಳಿದು ಮತ್ತೆ ಬಂತು. ಅಷ್ಟರಲ್ಲಿ ಮೇಲಿನ ದವಡೆ ನೋಯತೊಡಗಿತ್ತು. ನರಸೀಪುರದಲ್ಲಿ ನಮ್ಮ ಮನೆಯ ಹತ್ತಿರವೇ ಹಲ್ಲಿನ ಡಾಕ್ಟರಿದ್ದರು. ನಾನೇ ಕರೆದುಕೊಂಡು ಹೋದೆ. ಹಲ್ಲಿನ ಬುಡದ ಕೀವು ಕಣ್ಣಿಗೇರಿದೆ ಎಂದು ಅವರು ಒಂದು ದವಡೆಹಲ್ಲು ಕಿತ್ತರು. ಕಿತ್ತ ಹಲ್ಲು ತಟ್ಟೆಯಲ್ಲಿತ್ತು. ಹುಳುಕಿಲ್ಲ, ಬಿರುಕಿಲ್ಲ. ಕಬ್ಬು ಸಿಗಿಯುವಂಥ ಗಟ್ಟಿ ಹಲ್ಲು. ನಾನು ಅದನ್ನು ನೋಡಿದೆ, ಅವರೂ ನೋಡಿದರು. ಆಮೇಲೆ ಹತ್ತಿ ಒತ್ತಿದರು.

ಆ ಗಾಯ ಮಾಯಲಿಲ್ಲ. ಮಾಯುವ ಬದಲು ಬಾಯಿಯ ಅಂಗುಳದಲ್ಲಿ ತೂತು ಬಿತ್ತು. ಒಂದು ದಿನ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕಾಫಿ ಮೂಗಿನಿಂದ ಇಳಿಯಿತು. ಅಣ್ಣ ಲೋಟ ಕೆಳಗಿಟ್ಟು, "ನೋಡವ್ವ, ಶಾರ್ಟ್ ಕಟ್ ಮಾಡ್ಕಂಬುಡ್ತು" ಎಂದು ನಕ್ಕ. ನಾನು ನಗಲಿಲ್ಲ. ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಕಣ್ಣುಗುಡ್ಡೆ ಮುಂದಕ್ಕೆ ಬಂದಿತ್ತು, ರೆಪ್ಪೆ ತೆರೆಯುತ್ತಿರಲಿಲ್ಲ. ಸ್ಕ್ಯಾನ್ ಮಾಡಿದರು. ಕಣ್ಣಿನ ಡಾಕ್ಟರು ಇದು ಮೂಗಿನಿಂದ ಬಂದದ್ದು ಎಂದರು. ಮೂಗಿನ ಡಾಕ್ಟರು ಕಣ್ಣಿನವರನ್ನು ಕೇಳಿ ಎಂದರು. ಇಬ್ಬರೂ ಒಪ್ಪಿದ ಮಾತೆಂದರೆ, ಕಣ್ಣಿನ ಗೂಡಿಗೆ ಸೋಂಕು ತಗಲಿದೆ ಎಂಬುದು. ಡ್ರಿಪ್ಪಿನಲ್ಲಿ ಔಷಧಿ ಏರಿಸಿದರು. ಕೀವನ್ನು ಪರೀಕ್ಷೆಗೆ ಕಳಿಸಿದರು, ಅದರಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ. ಇಷ್ಟು ಔಷಧಿ ಕೊಟ್ಟ ಮೇಲೆ ಕ್ರಿಮಿ ಸಿಗುವುದಿಲ್ಲ ಎಂದರು. ಸರಿ, ಕ್ರಿಮಿ ಸತ್ತಿದ್ದರೆ ಬಾವು ಏಕೆ ಬೆಳೆಯುತ್ತಿದೆ ಎಂದು ನಾನು ಕೇಳಿದೆ. "ನೀವು ಟೀಚರಾ?" ಎಂದರು. ಹೌದು ಎಂದೆ. "ಅದಕ್ಕೇ ಇಷ್ಟು ಪ್ರಶ್ನೆ," ಎಂದು ಮುಂದಿನ ಮಂಚಕ್ಕೆ ಹೋದರು.

ಕೊನೆಗೆ ಮೂಗಿನೊಳಗೆ ಆಪರೇಷನ್ ಮಾಡಿ ತೊಳೆದು, ಒಂದು ಚೂರು ಮಾಂಸ ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟು ಬಂತು: ಸತ್ತ ಮಾಂಸ, ಉರಿಯೂತ, ಗಡ್ಡೆಯ ಲಕ್ಷಣವಿಲ್ಲ. ಅವ್ವನಿಗೆ ಅರ್ಥವಾದದ್ದು ಕೊನೆಯ ಮಾತು. ನಂಜುಂಡೇಶ್ವರನಿಗೆ ಬೆಳ್ಳಿಯ ಕಣ್ಣು ಒಪ್ಪಿಸಿ, ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನ ಜೊತೆಯವರಿಗೆಲ್ಲ ಬಾಳೆಹಣ್ಣು ಹಂಚಿದಳು. ಆದರೆ ಆ ರಿಪೋರ್ಟು ನಮಗೆ ಶತ್ರುವಾಯಿತು. ಆಮೇಲೆ ಯಾರಿಗೆ ತೋರಿಸಿದರೂ ಮೊದಲು ಅದನ್ನೇ ಓದಿ, "ಕ್ಲಿಯರ್ ಇದೆಯಲ್ಲಮ್ಮ" ಎನ್ನುತ್ತಿದ್ದರು. ಮುಖದ ಅರ್ಧ ಊದಿ ನೀಲಿಗಟ್ಟಿದ ಮನುಷ್ಯ ಎದುರಿಗೆ ಕೂತಿದ್ದ. ಅವರು ಹಾಳೆಯನ್ನು ನಂಬಿದರು.

ಅದೇ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಅತ್ತಿಗೆಯನ್ನು ವರಾಂಡಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: "ನಿಮ್ಮ ಯಜಮಾನರು ಹೊರಗಡೆ ಎಲ್ಲ ಹೋಗ್ತಾರಾ?"

"ಊಂ ಸಾ, ದಿನಾ ಓಯ್ತಾರೆ. ಬಸ್ಸಲ್ಲೇ ಅಲ್ವಾ ಕೆಲ್ಸ," ಎಂದಳು ಅತ್ತಿಗೆ.

ಡಾಕ್ಟರು ಪಕ್ಕದಲ್ಲಿದ್ದ ನರ್ಸನ್ನು ನೋಡಿ ಮುಗುಳ್ನಕ್ಕರು. ಅತ್ತಿಗೆಗೆ ಆ ಮಾತಿನ ಅರ್ಥ ಹೊಳೆದದ್ದು ಸಂಜೆ. ಅವತ್ತು ಅವಳು ಊಟ ಮಾಡಲಿಲ್ಲ. ಏಡ್ಸ್ ಪರೀಕ್ಷೆ ಮಾಡಿಸಿದರು, ಇಲ್ಲ ಎಂದು ಬಂತು. ಮತ್ತೆ ಮಾಡಿಸಿದರು, ಮತ್ತೆ ಇಲ್ಲ ಎಂದು ಬಂತು. ಗಡ್ಡೆ ಇಲ್ಲ ಎಂದ ಹಾಳೆಯನ್ನು ಅಷ್ಟು ನಂಬಿದವರು ಈ ಹಾಳೆಯನ್ನು ಮಾತ್ರ ನಂಬಲಿಲ್ಲ. ನರ್ಸುಗಳು ಅವನ ಹಾಸಿಗೆಯ ಹತ್ತಿರ ಬರುವಾಗ ಮಾತ್ರ ಗ್ಲೌಸು ಏರಿಸುತ್ತಿದ್ದರು.

ಆ ಅನುಮಾನ ನಮಗಿಂತ ಮೊದಲು ಊರು ಮುಟ್ಟಿತ್ತು. ಬಸ್ಸಿನ ಓನರು, "ಸ್ವಲ್ಪ ರೆಸ್ಟ್ ತಕೊ" ಎಂದು ಹೇಳಿ ಬೇರೆಯವರನ್ನು ಹಾಕಿಕೊಂಡ. ಅವನು ಆಸ್ಪತ್ರೆ ಸೇರುವ ಮುಂಚೆಯೇ ಒಂದು ದಿನ ಬಿಳಿಗೆರೆಯಲ್ಲಿ ಹತ್ತಿದ ಹೆಂಗಸೊಬ್ಬಳು ಅಣ್ಣ ಕೊಟ್ಟ ಟಿಕೆಟ್ಟಿನ ತುದಿಯನ್ನು ಎರಡು ಉಗುರಲ್ಲಿ ಹಿಡಿದು ತೆಗೆದುಕೊಂಡದ್ದನ್ನು ನಾನೇ ಕಂಡಿದ್ದೆ. ಅತ್ತಿಗೆ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಅಡುಗೆ ಮಾಡುವವಳು ಅವಳೇ. ಕೆಲವರು ಮಕ್ಕಳನ್ನು ಕಳಿಸುವುದು ಬಿಟ್ಟರು. ಅವಳ ಕೈಯ ಅಡುಗೆ ತಮ್ಮ ಮಕ್ಕಳು ಉಣ್ಣುವುದು ಅವರಲ್ಲಿ ಹಲವರಿಗೆ ಮೊದಲಿಂದಲೂ ಸೇರುತ್ತಿರಲಿಲ್ಲ. ಆ ಕಾರಣವನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಈಗ ಹೇಳಬಹುದಾದ ಕಾರಣವೊಂದು ಸಿಕ್ಕಿತು.

ಬೇಸಿಗೆ ಕಳೆದು ಮಳೆ ಬರುವ ಹೊತ್ತಿಗೆ ಅಣ್ಣನಿಗೆ ಸಂಜೆಯಾದರೆ ಜ್ವರ. ಮೈ ಇಳಿದು ಷರಟು ಗೂಟಕ್ಕೆ ಹಾಕಿದಂತೆ ಕಾಣುತ್ತಿತ್ತು. ಎಡಗಣ್ಣಿನ ದೃಷ್ಟಿ ಹೋಗಿತ್ತು. ಖಾಸಗಿ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಾಗ ನಾನು ಅವನನ್ನು ಮೈಸೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯೂ ಮೊದಲ ದಿನ ಅದೇ ಮಾತು, ಅದೇ ರಿಪೋರ್ಟು, ಅದೇ "ಕ್ಲಿಯರ್ ಇದೆ".

ಮಾರನೆಯ ದಿನ ಒಬ್ಬ ಹುಡುಗಿ ಬಂದಳು. ಹುಡುಗಿ ಎನ್ನಬಾರದು, ಡಾಕ್ಟರು. ಮೂಗು, ಗಂಟಲಿನ ವಿಭಾಗದಲ್ಲಿ ಹೆಚ್ಚಿನ ಓದು ಓದುತ್ತಿದ್ದವರು. ನಮ್ಮ ಚೀಟಿಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಓದಿದರು. ಆಮೇಲೆ ಅಣ್ಣನನ್ನೇ ಕೇಳಿದರು.

"ಸೂಜಿ ಹಾಕಿಸಿಕೊಂಡಾಗ ಕಡಿಮೆ ಆಗ್ತಿತ್ತಾ?"

"ಊಂ ಮೇಡಮ್. ಇಳಿಯದು. ಬುಟ್ರೆ ಬರದು."

"ಬರೀ ಮಾತ್ರೆಗೆ?"

"ಮಾತ್ರೆಗೆ ಇಳಿದಿದ್ದೇ ಇಲ್ಲ."

ಅಷ್ಟು ತಿಂಗಳಲ್ಲಿ ಅವನನ್ನು ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಮತ್ತೆ ಮಾಂಸದ ಚೂರು ತೆಗೆಯಬೇಕು ಎಂದರು. ಅಣ್ಣ ಒಪ್ಪಲಿಲ್ಲ. "ಒಂದ್ಸತಿ ಕುಯ್ದವ್ರಲ್ಲ ಮೇಡಮ್, ಏನೂ ಇಲ್ಲ ಅಂದವ್ರಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಅವರು ಮಂಚದ ಅಂಚಿಗೆ ಕೂತರು. "ಆಗ ತೆಗೆದದ್ದು ಮೇಲಿನ ಸತ್ತ ಮಾಂಸ. ಸತ್ತದ್ದನ್ನು ನೋಡಿದರೆ ಏನೂ ಗೊತ್ತಾಗಲ್ಲ. ಒಳಗೆ ಇನ್ನೂ ಜೀವ ಇರೋ ಕಡೆಯಿಂದ ತೆಗೀಬೇಕು. ನೋವಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಇದು ಬರೀ ಇನ್ಫೆಕ್ಷನ್ ಅಂತ ನನಗನ್ನಿಸ್ತಿಲ್ಲ," ಎಂದರು. ಅವರ ಮೇಲಿನವರು ರೌಂಡ್ಸಿನಲ್ಲಿ, ರಿಪೋರ್ಟ್ ಇದ್ದ ಮೇಲೆ ಮತ್ತೆ ಏಕೆ ಎಂದು ಎಲ್ಲರೆದುರು ಕೇಳಿದರು. ಆಕೆಯ ಕಿವಿ ಕೆಂಪಾಯಿತು. ಆದರೂ, "ಮತ್ತೆ ಮಾಡೋಣ ಸರ್" ಎಂದರು. ನಾನು ಅಲ್ಲೇ ನಿಂತಿದ್ದೆ. ಅಣ್ಣನೂ ಕೇಳಿಸಿಕೊಂಡ. ಮಧ್ಯಾಹ್ನ ತಾನಾಗಿಯೇ, "ಆಯ್ತು, ಕುಯ್ರಿ" ಎಂದ.

ಚೂರು ಬೆಂಗಳೂರಿಗೆ ಹೋಯಿತು. ಅಲ್ಲಿ ವಿಶೇಷ ಬಣ್ಣ ಹಾಕಿ ನೋಡಬೇಕಂತೆ. ಉತ್ತರ ಬಂದ ದಿನ ಆಕೆ ನಮ್ಮನ್ನು ಒಂದು ಕೋಣೆಗೆ ಕರೆದು ಬಾಗಿಲು ಹಾಕಿದರು. ಲಿಂಫೋಮಾ ಎಂದರು. ರಕ್ತದ ಬಿಳಿಕಣಗಳ ಪೈಕಿ ಒಂದು ಬಗೆ ಕೆಟ್ಟು ಬೆಳೆಯುವ ಕ್ಯಾನ್ಸರು, ಮೂಗಿನೊಳಗೆ ಶುರುವಾಗಿ ಸುತ್ತಲಿನ ಮೂಳೆ, ಮಾಂಸ ತಿನ್ನುತ್ತ ಕಣ್ಣಿನ ಕಡೆ ಹೋಗುತ್ತದೆ, ನೋಡಿದರೆ ಸೋಂಕಿನ ಹಾಗೇ ಕಾಣುತ್ತದೆ, ಬಹಳ ಅಪರೂಪ. ಅತ್ತಿಗೆ ಅಳತೊಡಗಿದಳು. ಅಣ್ಣ ಕೇಳಿದ:

"ಅಂಗಾರೆ ಮೇಡಮ್, ನಾನ್ ಮಾತ್ರೆ ನುಂಗ್ದೆ ಬಂದಿದ್ದಲ್ಲ ಅಲ್ವಾ?"

"ಅಲ್ಲ. ನಿಮ್ಮದೇನೂ ತಪ್ಪಿಲ್ಲ."

ಅವನು ಅತ್ತಿಗೆಯ ಕಡೆ ತಿರುಗಿ, "ಕೇಳುಸ್ಕಂಡ್ಯಾ?" ಎಂದ. ಕ್ಯಾನ್ಸರ್ ಎಂದು ತಿಳಿದ ದಿನ ನನ್ನ ಅಣ್ಣನ ಮುಖದಲ್ಲಿ ನೆಮ್ಮದಿ ಕಂಡಿತು. ಅವನ ಮೇಲೆ ಎಂಥ ಭಾರ ಹೊರಿಸಿದ್ದರು ಎಂದು ನನಗೆ ಪೂರ್ತಿ ತಿಳಿದದ್ದು ಆಗಲೇ. ಅಷ್ಟೂ ಮಾತ್ರೆ ನುಂಗಿದ್ದರೂ ಎಲ್ಲೋ ತಪ್ಪಿರಬೇಕು, ರೋಗ ತನ್ನಿಂದಲೇ ಬಂತು, ತನ್ನಿಂದ ಮನೆಯವರು ಅಲೆಯುತ್ತಿದ್ದಾರೆ ಎಂದು ಅಷ್ಟು ದಿನವೂ ಒಳಗೊಳಗೇ ನಂಬಿಕೊಂಡಿದ್ದ.

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ಅಲ್ಲಿ ಬರುವವರೆಲ್ಲ ಹಾಗೇ ಹೇಳುತ್ತಿದ್ದರು. ಮುಖಕ್ಕೆ ಅಚ್ಚು ತೆಗೆದ ಜಾಲರಿ ಮುಚ್ಚಿ, ಟೇಬಲ್ಲಿಗೆ ಬಿಗಿದು ಮಲಗಿಸುತ್ತಿದ್ದರು. ನಡುನಡುವೆ ಕಿಮೊ. ಬಾಯಿಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯುತ್ತಿರಲಿಲ್ಲ. ಆದರೆ ಯಾವ ಮಾತ್ರೆಗೂ ಜಗ್ಗದ ಆ ಬಾವು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿತು. ದೃಷ್ಟಿ ಮರಳಲಿಲ್ಲ. ಕಣ್ಣುಗುಡ್ಡೆ ಬೆಳ್ಳಗಾಗಿ ಉಳಿಯಿತು. ಅಂಗುಳದ ತೂತಿಗೆ ಹಲ್ಲಿನ ಸೆಟ್ಟಿನಂಥ ಒಂದು ತಟ್ಟೆ ಮಾಡಿಕೊಟ್ಟರು. ಅದನ್ನು ತೊಟ್ಟರೆ ಮಾತು ಅರ್ಥವಾಗುತ್ತಿತ್ತು, ತೆಗೆದರೆ ಇಲ್ಲ.

ಕಳಲೆಗೆ ಮರಳಿದ ಮೇಲೆ ಬೀದಿಯವರು ಒಬ್ಬೊಬ್ಬರೇ ಬಂದರು. ಕ್ಯಾನ್ಸರ್ ಎಂದರೆ ಅವರಿಗೆ ಮರ್ಯಾದೆಯ ಕಾಯಿಲೆ. ಮಕ್ಕಳನ್ನು ಅಂಗನವಾಡಿಯಿಂದ ಬಿಡಿಸಿದ್ದ ಒಬ್ಬಾಕೆ ಎಳನೀರು ತಂದಿದ್ದಳು. ಅತ್ತಿಗೆ ಎಳನೀರು ಇಸಿದುಕೊಂಡು, "ನಾಳೆಯಿಂದ ಮಕ್ಕಳ ಕಳುಸ್ತೀಯೋ, ಇನ್ನೂ ಬ್ಯಾರೆ ಏನಾರ ಅನುಮಾನ ಅದೋ?" ಎಂದು ಕೇಳಿಯೇಬಿಟ್ಟಳು. ಮಕ್ಕಳು ಬಂದರು. ಅತ್ತಿಗೆ ಮಕ್ಕಳಿಗೆ ಎಂದಿನಂತೆ ಬಡಿಸಿದಳು, ಆಕೆಯೊಡನೆ ಮಾತ್ರ ಮತ್ತೆ ಮಾತಾಡಲಿಲ್ಲ.

ಅಣ್ಣನಿಗೆ ಕಂಡಕ್ಟರ್ ಕೆಲಸಕ್ಕೆ ಮತ್ತೆ ಹೋಗಲಾಗಲಿಲ್ಲ. ನಂಜನಗೂಡಿನ ಪ್ರೈವೇಟ್ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿ ಸೇರಿದ. ಸೇರಿ ಸ್ವಲ್ಪ ದಿನಕ್ಕೆ ನನಗೆ ಹೇಳಿ ಕಳಿಸಿದ: "ಸೂಜಿ ಚುಚ್ಚುದ್ರಲ್ಲ, ಆ ಡಾಕ್ಟ್ರ ತಾವ್ಕೆ ಓಗಬೇಕು. ನೀನೂ ಬಾ."

ಹೋದೆವು. ಎಂದಿನ ಹಾಗೆ ಜನ ತುಂಬಿದ್ದರು. ನಮ್ಮ ಸರದಿ ಬಂದಾಗ ಡಾಕ್ಟರು ಅವನನ್ನು ಗುರುತು ಹಿಡಿಯಲಿಲ್ಲ. ನಾನು ನೆನಪು ಮಾಡಿಕೊಟ್ಟು ಬೆಂಗಳೂರಿನ ಕಾಗದ ಮುಂದಿಟ್ಟೆ. ಓದಿದರು, ಕನ್ನಡಕ ತೆಗೆದರು.

"ಇದು ಬಹಳ ರೇರ್ ಕಣಮ್ಮ. ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಗೊತ್ತಾಗ್ನಿಲ್ಲ ಅಂತ ನಾನ್ ಬಂದಿಲ್ಲ ಸಾ," ಎಂದ ಅಣ್ಣ. ಅಂಗುಳದ ತಟ್ಟೆಯನ್ನು ನಾಲಿಗೆಯಿಂದ ಒತ್ತಿ ಹಿಡಿದು ನಿಧಾನವಾಗಿ ಮಾತಾಡುತ್ತಿದ್ದ. "ಗೊತ್ತಿಲ್ದೆ ಇರದು ತಪ್ಪಲ್ಲ. ನಾನು ಮಾತ್ರೆ ನುಂಗ್ನಿಲ್ಲ ಅಂದ್ರಿ. ಸುಳ್ಳ ಅಂದ್ರಿ. ನನ್ ಹೆಂಡ್ತಿ ಖಾಲಿ ಪಟ್ಟಿ ತೋರುದ್ರೆ ನೋಡ್ನಿಲ್ಲ. ಆ ಮಾತ ವಾಪಸ್ ತಕೊಳಿ."

ಡಾಕ್ಟರು ನನ್ನ ಕಡೆ ನೋಡಿದರು, ನಾನೇನಾದರೂ ಸಮಾಧಾನ ಹೇಳುತ್ತೇನೆಂದು. ನಾನು ಕಾಗದವನ್ನು ಅವರ ಮುಂದಕ್ಕೆ ಇನ್ನಷ್ಟು ಸರಿಸಿದೆ. "ಆವಾಗ ಹಾಗನ್ನಿಸ್ತು, ಹೇಳಿದೆ. ಈಗ ಅದಕ್ಕೇನಂತೆ? ದೇವರ ದಯೆ, ಉಳಕೊಂಡಿದ್ದೀಯಲ್ಲ," ಎಂದು ಬೆಲ್ಲು ಒತ್ತಿದರು. ಮುಂದಿನವರು ಒಳಗೆ ಬಂದುಬಿಟ್ಟರು. ಅಣ್ಣ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೆ, ಹಳೆಯ ಕಂಡಕ್ಟರ್ ದನಿಯನ್ನು ಎಲ್ಲಿಂದಲೋ ತಂದುಕೊಂಡು, "ಮಾತ್ರೆ ಪಟ್ಟಿ ಎಲ್ಲಾ ಮಡಗ್ಕಳಿ, ಕೇಳ್ತಾರೆ ಇಲ್ಲಿ!" ಎಂದು ಕೂಗಿದ. ಒಬ್ಬಿಬ್ಬರು ನಕ್ಕರು. ಮಿಕ್ಕವರಿಗೆ ಅರ್ಥವಾಗಲಿಲ್ಲ. ರಸ್ತೆಗೆ ಬಂದ ಮೇಲೆ ಅವನನ್ನು ಹೋಟೆಲಿನಲ್ಲಿ ಕೂರಿಸಿ ಟೀ ಕೊಡಿಸಿದೆ.

ಕೆಲವು ವರ್ಷ ಚೆನ್ನಾಗಿಯೇ ಇದ್ದ. ಆಮೇಲೆ ಕಾಲಿನ ಚರ್ಮದಲ್ಲಿ ಕೆಂಪು ಗಂಟುಗಳೆದ್ದವು. ಈ ಸಲ ನಾವು ಎಲ್ಲೂ ಅಲೆಯಲಿಲ್ಲ. ನೇರ ಬೆಂಗಳೂರಿಗೇ ಹೋದೆವು. ಅದೇ ರೋಗ ಎಂದು ಬೇಗ ಹೇಳಿದರು. ಆದರೆ ಅದು ಔಷಧಿಗೆ ಬಗ್ಗಲಿಲ್ಲ. ಭತ್ತದ ಕೊಯ್ಲಿನ ಕಾಲದಲ್ಲಿ, ಕಳಲೆಯ ಮನೆಯಲ್ಲಿ, ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಅವನು ಹೋದ. ಅತ್ತಿಗೆ ತಲೆಯ ಹತ್ತಿರ ಕೂತಿದ್ದಳು, ನಾನು ಪಾದದ ಹತ್ತಿರ.

ತಿಥಿಗೆ ಬಂದ ನೆಂಟರೊಬ್ಬರು ಅವ್ವನಿಗೆ, "ಅಪರೂಪದ ಕಾಯ್ಲೆಯಂತೆ ಕಣಕ್ಕ, ಯಾರು ಏನ್ ಮಾಡಕಾಯ್ತದೆ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ತಡೆಯಲಾಗಲಿಲ್ಲ. ಕಾಯಿಲೆ ಅಪರೂಪ ಸರಿ, ನಮ್ಮಣ್ಣನನ್ನು ಬೈದದ್ದರಲ್ಲಿ ಯಾವುದು ಅಪರೂಪ ಎಂದು ಕೇಳಿದೆ. ಬೇಗ ಗೊತ್ತಾಗಿದ್ದರೆ ಬದುಕುತ್ತಿದ್ದನೋ ಇಲ್ಲವೋ ನಾನು ಹೇಳಲಾರೆ. ಆ ಹುಡುಗಿ ಡಾಕ್ಟರನ್ನೇ ಕೇಳಿದ್ದೆ, ಆಕೆಯೂ ಹೇಳಲಾರೆನೆಂದರು. ಮಾತ್ರೆ ನುಂಗಿದವನನ್ನು ನುಂಗಲಿಲ್ಲ ಎನ್ನುವುದಕ್ಕೆ, ಹೆಂಡತಿಯನ್ನು ವರಾಂಡದಲ್ಲಿ ನಿಲ್ಲಿಸಿ ನಗುವುದಕ್ಕೆ ಯಾವ ರೋಗವೂ ಬೇಕಾಗಿರಲಿಲ್ಲ. ನೆಂಟರು ಎಲೆಯ ಮೇಲೆ ಕೈ ಇಟ್ಟು ಕೂತುಬಿಟ್ಟರು. ಅವ್ವ, "ಉಣ್ಣೋ ಒತ್ನಲ್ಲಿ ಬ್ಯಾಡ ಕಣವ್ವ" ಎಂದಳು.

ಈಗ ನನಗೆ ಜಗಳಗಂಟಿ ಎಂಬ ಹೆಸರಿದೆ. ನಮ್ಮ ಸ್ಕೂಲಿನ ಆಯಾಳ ಅತ್ತೆಗೆ ಪಾದದ ಹುಣ್ಣು ಮಾಯುತ್ತಿರಲಿಲ್ಲ. ಈಚೆಗೆ ಅವರ ಜೊತೆಗೆ ನರಸೀಪುರದ ಆಸ್ಪತ್ರೆಗೆ ಹೋಗಿದ್ದೆ. ಹೊಸದಾಗಿ ಬಂದಿದ್ದ ಡಾಕ್ಟರು ಚೀಟಿ ಬರೆಯುತ್ತ, ತಲೆಯೆತ್ತದೆ, "ಡ್ರೆಸಿಂಗ್ ಸರಿಯಾಗಿ ಮಾಡ್ಕೊಂಡಿರಲ್ಲ ಇವರು" ಎಂದರು. ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.

"ಮಾಡ್ಕೊಂಡಿದ್ದಾರೆ. ಮೊದಲು ಅವರನ್ನ ಕೇಳಿ," ಎಂದೆ.

"ನೀವ್ಯಾರು?" ಎಂದರು ಅವರು.